ಚಲ್ಲಾಪಂಪದ ಮತಪೆಟ್ಟಿಗೆ

ಭಾನುವಾರ ಸಂಜೆ 4.50ಕ್ಕೆ ಠಾಣೆಗೆ ಫೋನು ಬಂತು. ಚಲ್ಲಾಪಂಪದ ಶಾಲೆಯಿಂದ ಮತಪೆಟ್ಟಿಗೆ ಕಳುವಾಗಿದೆ ಎಂದು ಚುನಾವಣಾಧಿಕಾರಿ ದೂರು ಕೊಟ್ಟರು. ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ರೆಂಬರ್ಟೊ ಚೋಕೆ, ಪೇದೆ ಸಿರಿಲೊನೊಂದಿಗೆ ಜೀಪು ಹತ್ತಿದರು. ಬೊಲಿವಿಯಾದಲ್ಲಿ ಮತದಾನದ ದಿನ ಜನರ ಗಾಡಿಗಳು ರಸ್ತೆಗಿಳಿಯುವಂತಿಲ್ಲ. ಕದ್ದವರು ಊರು ಬಿಟ್ಟು ದೂರ ಹೋಗಿರಲಾರರು.

5.35ಕ್ಕೆ ಪಂಚನಾಮೆ. ಬಿರುಗಾಳಿಗೆ ಶಾಲೆಯ ತಗಡು ಹಾರಿ ಎಲ್ಲರೂ ಹೊರಗೋಡಿದ್ದರು. ಆ ಗಡಿಬಿಡಿಯಲ್ಲೇ ಪೆಟ್ಟಿಗೆ ಮಾಯ. ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಊರ ಹಿರಿಯ ಎಲೆಯುತೇರಿಯೊನ ಹೆಗಲ ಮೇಲೆ ಅಧಿಕಾರದ ಗುರುತಿನ ಚಾವಟಿ.

"ಕಳ್ಳ ಸಿಕ್ರೆ ನಮ್ಗೆ ಬಿಡಿ ಸಾಹೇಬ್ರೆ. ನಾವೇ ವಿಚಾರಿಸ್ಕೋತೀವಿ."

ಹೋದ ವರ್ಷ ಪಕ್ಕದೂರಿನವರು ವಿಚಾರಿಸಿಕೊಂಡವನ ಹೆಣವನ್ನು ಕಂಬದಿಂದ ಬಿಚ್ಚಿದ್ದು ಚೋಕೆಯವರೇ. ಆ ಕಳ್ಳ ಯಾರೇ ಆಗಿರಲಿ, ಇವರಿಗಿಂತ ಮೊದಲು ತಮ್ಮ ಕೈಗೆ ಸಿಗಬೇಕು.

"ಓಟು ಯಾರಿಗೆ ಹಾಕಿದ್ರಿ?"

"ಸಭೇಲಿ ತೀರ್ಮಾನ ಆಗಿದೆ. ಐವತ್ತೆಂಟು ಓಟೂ ಒಬ್ರಿಗೇ. ತಪ್ಪಿದೋರಿಗೆ ಜಮೀನೂ ಇಲ್ಲ, ನೀರೂ ಇಲ್ಲ."

ಇಲ್ಲಿ ಒಂದೊಂದೇ ಚೀಟಿ ಎತ್ತಿ ತೋರಿಸಿ, ಊರೆದುರೇ ಕೂಗಿ ಎಣಿಸುತ್ತಾರೆ. ಎಣಿಕೆಗೆ ಹೆದರಬೇಕಾದವರು ಮಾತು ತಪ್ಪಿದವರು ಮಾತ್ರ.

ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದವರು ಮತಗಟ್ಟೆಯ ಕೆಲಸಕ್ಕೆಂದು ಊರವರಿಂದ ಲಾಟರಿಯಲ್ಲಿ ಆರಿಸಿದ್ದ ಮೂವರು; ಚೋಕೆ ಅವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದರು. ಮೂರನೆಯವಳು ವಿಧವೆ ಬಸಿಲಿಯಾ ತಿಕೋನ. ಚಳಿಗೆ ಗಡಗಡ ನಡುಗುತ್ತಿದ್ದಳು.

"ಬೆನ್ನಿಗೆ ಕಟ್ಟೋ ಬಟ್ಟೆ ಎಲ್ಲಮ್ಮ?"

"ಮನೇಲಿ..."

ಈ ಚಳಿಯಲ್ಲಿ ಇಲ್ಲಿನ ಯಾವ ಹೆಂಗಸೂ ಮಗು, ಹೊರೆ ಕಟ್ಟಿಕೊಳ್ಳುವ ಆ ಕಂಬಳಿ ಬಟ್ಟೆ ಬಿಟ್ಟು ಹೊರಡುವುದಿಲ್ಲ.

"ಅದ್ರಲ್ಲಿ ಏನು ಸುತ್ತಿಟ್ಟಿದೀಯ?"

ಅವಳು ಕುಸಿದು ಕೂತಳು. "ಸಭೇಲಿ ಕೈ ಎತ್ತದೆ ಕೂತಿದ್ದೋಳು ನಾನೊಬ್ಳೇ ಸಾಹೇಬ್ರೆ. ಒಂದು ಚೀಟಿ ಬೇರೆ ಬಂದ್ರೂ ನಂದೇ ಅಂತಾರೆ. ನಂಗೆ ಭಯ ಆಯ್ತು."

"ದನಿ ತಗ್ಗಿಸು. ಹೊರಗೆ ಅಳಬೇಡ."

ಸಿರಿಲೊ ಹಿಂಬಾಗಿಲಿಂದ ಹೋಗಿ, ಚುನಾವಣಾಧಿಕಾರಿಯೆದುರು ಅವಳ ಆಲೂಗಡ್ಡೆ ಉಗ್ರಾಣದಿಂದ ಪೆಟ್ಟಿಗೆ ತೆಗೆದು, ಊರವರ ಕಣ್ಣಿಗೆ ಬೀಳದಂತೆ ಜೀಪಿಗೆ ಸೇರಿಸಿದ. ಮೊಹರು ಒಡೆದಿರಲಿಲ್ಲ.

"ಇವ್ಳು ಸಾಕ್ಷಿ. ಹೇಳಿಕೆಗೆ ಸಹಿ ಬೇಕು," ಎಂದು ಚೋಕೆ ಗುಂಪಿನ ನಡುವೆಯೇ ಅವಳನ್ನು ನಡೆಸಿದರು. ಹಿರಿಯ ದಾರಿ ಬಿಡಲು ತುಸು ಹೊತ್ತು ತೆಗೆದುಕೊಂಡ.

ರಾತ್ರಿ 7.40ಕ್ಕೆ ಠಾಣೆಯಲ್ಲಿ ಬಂಧನ. ಶಾಲೆಯ ತಗಡು ಹಾರಿದ್ದರಿಂದ ಠಾಣೆಯ ಪಕ್ಕದ ಕೋಣೆಯಲ್ಲೇ ಪಕ್ಷಗಳ ಏಜೆಂಟರೆದುರು ಎಣಿಕೆ ನಡೆಯಿತು. ಚುನಾವಣಾಧಿಕಾರಿ ಲೆಕ್ಕ ಕೂಗಿದರು: ಐವತ್ತೆಂಟರಲ್ಲಿ ಹತ್ತೊಂಬತ್ತು ಬೇರೆಯವರಿಗೆ.

ಬೆಂಚಿನ ಮೇಲೆ ಕೂತಿದ್ದ ಬಸಿಲಿಯಾ ತಲೆ ಎತ್ತಿದಳು.

"ಹತ್ತೊಂಬತ್ತಾ? ಅವ್ರೆಲ್ಲ ಕೈ ಎತ್ತಿದ್ರಲ್ಲ ಸಾಹೇಬ್ರೆ."

ಚೋಕೆ ವರದಿಯ ಕಾರಣದ ಕಾಲಂನಲ್ಲಿ 'ಭಯ' ಎಂದು ಬರೆದು ಅವಳ ಸಹಿ ಪಡೆದರು.