ಎವರಿಸ್ಟೊನ ಹಳದಿ ಸುತ್ತು

"ಮಾಲೀಕರೇ, ಒಳಗೆ ಕೂತ್ಕೊಳ್ಳಿ," ಅಂದಳು ಮರಿಸೆಲಾ.

ಎರಡು ವರ್ಷದಿಂದ 'ನೀನು' ಅನ್ನುತ್ತಿದ್ದವಳು ಇವತ್ತು 'ನೀವು' ಅನ್ನುತ್ತಿದ್ದಳು. ಕೈಯಲ್ಲಿ ತೀರ್ಪಿನ ಹಲಗೆ, ಕಿವಿಯ ಹಿಂದೆ ಪೆನ್ಸಿಲ್, ತುಟಿಯ ತುದಿಯಲ್ಲಿ ಅಡಗಿಸಿಟ್ಟ ನಗು. ಹಾಲಿಸ್ ಬಾಗಿಲು ತೆಗೆದು ಸ್ಟಿಯರಿಂಗ್ ಹಿಂದೆ ಕೂತ.

ಓಲ್ಡ್ಸ್‌ಮೊಬೈಲ್ ಕಂಪನಿಯ ಹಳೇ ಕಾರುಗಳ ಮೇಳದಲ್ಲಿ ಒಂದು ನಿಯಮವಿದೆ. ತೀರ್ಪುಗಾರರು ಕೇಳಿದ್ದಕ್ಕೆ ಮಾತ್ರ ಗಾಡಿಯ ಮಾಲೀಕ ಬಾಯಿ ಬಿಡಬೇಕು. ಆ ನಿಯಮವನ್ನು ಹಾಲಿಸ್ ಇವತ್ತಿನಷ್ಟು ಯಾವತ್ತೂ ನೆಚ್ಚಿಕೊಂಡಿರಲಿಲ್ಲ.

"ಎಡಗಡೆ ಇಂಡಿಕೇಟರ್."

ಹಾಕಿದ.

"ಬಲಗಡೆ. ಹಾರ್ನ್. ಸಾಕು ಸಾಕು, ಊರೆಲ್ಲ ಎದ್ದುಬಿಡುತ್ತೆ. ಈಗ ಹೆಡ್‌ಲೈಟ್."

ಗುಂಡಿ ಎಳೆದ. ಅವನ ಟೊರೊನಾಡೊ ಗಾಡಿಯ ಮೂತಿಯಲ್ಲಿ ಅಡಗಿದ್ದ ದೀಪಗಳು ರೆಪ್ಪೆ ತೆರೆದ ಹಾಗೆ ಮೆಲ್ಲಗೆ ಮೇಲೆದ್ದವು. ಗಾಜಿನಾಚೆ ನಿಂತಿದ್ದ ಅವಳು ಬಗ್ಗಿ ಅವನ್ನು ನೋಡಿದಳು, ಆಮೇಲೆ ಹಲಗೆಯ ಮೇಲಿಂದ ಅವನನ್ನು ನೋಡಿದಳು. ಹಣೆ ಮೇಲೆ ಬಿದ್ದ ಕೂದಲನ್ನು ಊದಿ ಸರಿಸಿಕೊಂಡಳು.

"ಎಷ್ಟು ನಾಚ್ಕೊಂಡು ಕಣ್ಣು ಬಿಡುತ್ತೆ ನೋಡಿ ವೆಂಡೆಲ್. ಮಾಲೀಕರ ಹಾಗೇ."

ಹಿರಿಯ ತೀರ್ಪುಗಾರ ವೆಂಡೆಲ್ ಬಿಳಿ ಮೀಸೆಯೊಳಗೇ ಗೊಣಗಿದ. "ನೀನು ಸರಸ ಆಡು, ನಾನು ಅಂಕ ಹಾಕ್ತೀನಿ. ಬಿಸಿಲಲ್ಲಿ ನನ್ನ ಮಂಡೆ ಕಾಯ್ತಾ ಇದೆ."

ಈ ಗಾಡಿಗೆ ತಾನು ಅಂಕ ಹಾಕುವುದಿಲ್ಲ ಎಂದು ಅವಳು ಮೊದಲೇ ವೆಂಡೆಲ್‌ಗೆ ಹೇಳಿದ್ದಳು. ಕಾರಣ ಅವನು ಕೇಳಲಿಲ್ಲ. ಎರಡು ವರ್ಷದಿಂದ ಮೇಳದವರೆಲ್ಲ ನೋಡುತ್ತಿದ್ದ ವಿಷಯವೇ ಅದು. "ಆದ್ರೆ ಬಾನೆಟ್ ಎತ್ತೋದು ಮಾತ್ರ ನಾನೇ," ಎಂದು ಹಟ ಹಿಡಿದಿದ್ದಳು.

ಆ ಬಾನೆಟ್ಟಿನ ಕೆಳಗೇ ಹಾಲಿಸ್‌ನ ಜೀವ ಸಿಕ್ಕಿಕೊಂಡಿತ್ತು.

*

ಗಾಡಿ ಅವನ ಚಿಕ್ಕಮ್ಮ ಟ್ರೂಡಿಯದು. 1967ರಲ್ಲಿ ಹೊಸದಾಗಿ ಕೊಂಡದ್ದು. ಮುಂದಿನ ಚಕ್ರಗಳೇ ಎಳೆಯುವ ಗಾಡಿ ಆಗ ಅಪರೂಪ. ಹಿಮ ಬಿದ್ದ ಭಾನುವಾರ ಅವರೂರು ಝೀಲ್ಯಾಂಡಿನ ಗಂಡಸರ ಗಾಡಿಗಳೆಲ್ಲ ರಸ್ತೆ ಪಕ್ಕದ ಚರಂಡಿಯಲ್ಲಿ ಮಲಗಿರುವಾಗ ಟ್ರೂಡಿ ಒಬ್ಬಳೇ ಹೊತ್ತಿಗೆ ಸರಿಯಾಗಿ ಚರ್ಚಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳಂತೆ. ಆಕೆಯ ಪೆಪ್ಪರ್‌ಮಿಂಟಿನ ವಾಸನೆ ಸೀಟಿನಿಂದ ಇನ್ನೂ ಹೋಗಿಲ್ಲ. ಆಕೆ ಹೋದ ಮೇಲೆ ಗಾಡಿ ಹಾಲಿಸ್‌ಗೆ ಬಂತು. ಅವನು ಶಾಲಾ ಬಸ್ಸು ರಿಪೇರಿಯವನು, ನಲವತ್ತೇಳು ವರ್ಷ, ಒಂಟಿ. ಗಾಡಿಯ ಜೊತೆ ಮಾತಾಡಿಕೊಂಡೇ ಇದ್ದುಬಿಡುತ್ತಿದ್ದನೇನೋ, ಮರಿಸೆಲಾ ಸಿಗದಿದ್ದರೆ.

ಸಿಕ್ಕಿದ್ದೂ ಜಗಳದಲ್ಲಿ. ಎರಡು ವರ್ಷದ ಹಿಂದೆ ಇದೇ ಲ್ಯಾನ್ಸಿಂಗಿನ ಮೇಳದಲ್ಲಿ ರಬ್ಬರ್ ಪೈಪಿನ ಕ್ಲಿಪ್ಪುಗಳು ಆ ವರ್ಷದವಲ್ಲ ಎಂದು ಅವಳು ಎರಡು ಅಂಕ ಕಿತ್ತಿದ್ದಳು. ವಾದ ಮಾಡಲೆಂದು ನಿಂಬೆ ಪಾನಕದ ಅಂಗಡಿವರೆಗೂ ಹಿಂದೆ ಹೋದವನು ಒಂದು ಗಂಟೆಯಾದರೂ ವಾಪಸು ಬರಲಿಲ್ಲ. ಕ್ಲಿಪ್ಪಿನ ವಿಷಯದಲ್ಲಿ ಅವಳದೇ ಸರಿ ಇತ್ತು. ಅಲ್ಲಿಂದ ಪ್ರತಿ ಭಾನುವಾರ ಫೋನು. ಒಮ್ಮೊಮ್ಮೆ ಅವಳ ಊರಲ್ಲಿ ಊಟ.

ಅವಳು ತೀರ್ಪುಗಾರ್ತಿಯಾದ ಕಾರಣವನ್ನು ಅಂಥ ಒಂದು ಊಟದ ಹೊತ್ತಿಗೆ ಹೇಳಿದ್ದಳು. ಅಪ್ಪ ಎವರಿಸ್ಟೊ ಕ್ಯಾಂಟೂ ಟೆಕ್ಸಸ್‌ನಿಂದ ಬೀಟ್‌ಗೆಡ್ಡೆ ಕೀಳಲು ಮಿಷಿಗನ್‌ಗೆ ಬಂದವನು. ಆಮೇಲೆ ಓಲ್ಡ್ಸ್‌ಮೊಬೈಲ್ ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದು ತಪಾಸಣೆಯವನಾದ. ತಪ್ಪು ಕಂಡರೆ ಹಳದಿ ಕ್ರೇಯಾನಿನಿಂದ ಒಂದು ಸುತ್ತು. ತಪ್ಪು ತಿದ್ದಿದ ಮೇಲೆ ಅದರ ಮೇಲೆ ಎರಡು ಗೆರೆ, ಎರಡನೆಯದಕ್ಕೆ ಮೆಣಸಿನಕಾಯಿ ತೊಟ್ಟಿನಂಥ ಬಾಲ. ಅವಳಿಗೆ ಏಳು ವರ್ಷವಿದ್ದಾಗ ಎದೆನೋವು ಬಂದು ಹೋಗಿಬಿಟ್ಟ. ಕಾಗದ ಬರೆಯುವ ಅಭ್ಯಾಸ ಅವನಿಗಿರಲಿಲ್ಲ. ಅವನ ಕೈಬರಹ ಅಂತ ಉಳಿದಿದ್ದರೆ ಅದು ಯಾರದೋ ಗಾಡಿಯ ಬಾನೆಟ್ಟಿನ ಕೆಳಗೆ ಉಳಿದಿರಬೇಕು.

"ಬೇರೆಯವರ ಬಾನೆಟ್ ಎತ್ತೋಕೆ ತೀರ್ಪುಗಾರರಿಗೆ ಮಾತ್ರ ಹಕ್ಕು," ಅಂದಿದ್ದಳು. "ಇಪ್ಪತ್ತೆರಡು ವರ್ಷದಿಂದ ಎತ್ತುತಾನೇ ಇದ್ದೀನಿ. ಒಂದೇ ಒಂದು ಸಿಕ್ತು, ಅದೂ ಅರ್ಧ ಅಳಿಸಿಹೋಗಿತ್ತು."

ಆ ಗುರುತನ್ನು ಅವಳು ಅವತ್ತು ಬಾಯಲ್ಲಿ ಹೇಳಿದಳೇ ಹೊರತು ಬರೆದು ತೋರಿಸಲಿಲ್ಲ. ಹಾಲಿಸ್ ಕೂಡ ಕೇಳಲಿಲ್ಲ. ಅವಳ ಮುಖ ನೋಡುತ್ತಾ ಕೂತಿದ್ದ ಮೂಢ, ಅರ್ಧ ಮಾತು ಕಿವಿಗೆ ಬಿದ್ದಿತ್ತು, ಅರ್ಧ ಬಿದ್ದಿರಲಿಲ್ಲ.

ಈ ಫೆಬ್ರವರಿಯಲ್ಲಿ ಅವನು ಎಂಜಿನ್ ಇಳಿಸಿದ. ಇಳಿಸುವ ಮೊದಲು ನಾಲ್ಕಾರು ಫೋಟೋ ತೆಗೆದು ಅವಳಿಗೆ ಅಂಚೆಗೆ ಹಾಕಿದ. ಆಮೇಲೆ ಎಂಜಿನ್ ಹಿಂದಿನ ತಗಡಿನ ಗೋಡೆಯನ್ನು ಉಜ್ಜಿದ. ಯಾವನೋ ಮೆಕ್ಯಾನಿಕ್ ಗೀಚಿದ್ದ ಹಳದಿ ಕಲೆ ಒಂದಿತ್ತು, ಅದೂ ಹೋಯಿತು. ತಗಡು ಕನ್ನಡಿಯಂತಾಯಿತು ಎಂದು ಖುಷಿಪಟ್ಟ.

ಮೂರನೆಯ ದಿನ ಫೋನು ಬಂತು. ಅವಳು ಅಳುತ್ತಿದ್ದಳು. "ಹಾಲಿಸ್, ಫೋಟೋದಲ್ಲಿ ಅಪ್ಪ ಇದ್ದಾನೆ. ಅದು ಅಪ್ಪನ ಗುರುತು. ಭದ್ರವಾಗಿದೆ ಅಲ್ವಾ?"

ಅವನ ಕಾಲಬುಡದಲ್ಲೇ ಉಜ್ಜಿದ ಬಟ್ಟೆ ಬಿದ್ದಿತ್ತು, ಹಳದಿಯಾಗಿ.

"ಭದ್ರವಾಗಿದೆ," ಅಂದ.

"ಹಾಗಿದ್ರೆ ಈಗ್ಲೇ ನೋಡಲ್ಲ. ಜೂನ್ ಮೇಳದಲ್ಲಿ ಅಮ್ಮನ ಜೊತೆ ನೋಡ್ತೀನಿ."

ಒಂದು ಸುಳ್ಳಿಗೆ ನಾಲ್ಕು ತಿಂಗಳು ನೀರೆರೆದ. ಹಳದಿ ಕ್ರೇಯಾನ್ ತಂದ, ಫೋಟೋದ ಇನ್ನೊಂದು ಪ್ರತಿ ಎದುರಿಗಿಟ್ಟುಕೊಂಡು ಬಸ್ಸುಗಳ ಹಳೇ ತಗಡಿನ ಮೇಲೆ ನೂರಾರು ಸಲ ಅಭ್ಯಾಸ ಮಾಡಿದ. ಕೊನೆಗೆ ಒಂದು ದಿನ ಉಸಿರು ಬಿಗಿಹಿಡಿದು ಗಾಡಿಯ ಮೇಲೆ ಬರೆದ. ಯಾರಿಗೂ ಗೊತ್ತಾಗುವಂತಿರಲಿಲ್ಲ. ಅವನಿಗೆ ಮಾತ್ರ ರಾತ್ರಿ ಅನ್ನ ಸೇರುತ್ತಿರಲಿಲ್ಲ.

*

ಬಾನೆಟ್ ಎದ್ದಿತು.

ಮರಿಸೆಲಾ ಬಗ್ಗಿದಳು. ಸುತ್ತ ಈ ಸಲದ ಮೇಳ ಸಾವಿನ ಮನೆಯಂತೆ ಪಿಸುಗುಟ್ಟುತ್ತಿತ್ತು. ಏಪ್ರಿಲ್ ಕೊನೆಯಲ್ಲಿ ಕೊಟ್ಟಕೊನೆಯ ಓಲ್ಡ್ಸ್‌ಮೊಬೈಲ್ ಇದೇ ಊರಿನ ಫ್ಯಾಕ್ಟರಿಯಿಂದ ಹೊರಬಂದಿತ್ತು, ನೂರ ಏಳು ವರ್ಷದ ಹೆಸರು ಅಲ್ಲಿಗೆ ನಿಂತಿತ್ತು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಹಾಟ್‌ಡಾಗ್ ತಿನ್ನುತ್ತಿದ್ದರು. ಅದೆಲ್ಲದರ ನಡುವೆ ಅವಳು ಒಂದು ಬೆರಳನ್ನು ಆ ಹಳದಿ ಗುರುತಿನ ಹತ್ತಿರ ಒಯ್ದಳು, ಮುಟ್ಟಲಿಲ್ಲ. ನಿಯಮ ಮುರಿಯುವವಳಲ್ಲ ಅವಳು.

"ನೋಡಿ ವೆಂಡೆಲ್," ಅಂದಳು. "ಅಪ್ಪ."

ವೆಂಡೆಲ್ ಟೋಪಿ ತೆಗೆದ.

ಅವಳು ಹಾಲಿಸ್ ಕಡೆ ತಿರುಗಿದಳು. ಕಣ್ಣು ತುಂಬಿತ್ತು. ಇಷ್ಟು ದಿನ ಅವಳು ಅವನನ್ನು ನಗುತ್ತಾ ನೋಡಿದ್ದಳು, ಕಿಚಾಯಿಸುತ್ತಾ ನೋಡಿದ್ದಳು. ಹೀಗೆ ತನ್ನನ್ನೇ ಒಪ್ಪಿಸಿಬಿಡುವವಳ ಹಾಗೆ ನೋಡಿದ್ದು ಇದೇ ಮೊದಲು. ಇದಕ್ಕಾಗಿಯೇ ಅವನು ಬದುಕಿದ್ದ. ಬಾಯಿ ಮುಚ್ಚಿಕೊಂಡು ಇದ್ದರೆ ಇದು ಅವನದು, ಜೀವಮಾನ ಪೂರ್ತಿ.

"ಹನ್ನೆರಡಕ್ಕೆ ಅಮ್ಮ ಬರ್ತಾಳೆ," ಅಂದಳು ಮೆಲ್ಲಗೆ, ನಿಯಮ ಮರೆತು. "ಬೆಳಗ್ಗಿಂದ ಮೂರು ಸಲ ಸೀರಿಯಸ್ಸಾಗಿ ಲಿಪ್‌ಸ್ಟಿಕ್ ಹಚ್ಕೊಂಡಿದ್ದಾಳೆ. ಗಂಡನ್ನ ನೋಡೋಕೆ ಹೋಗ್ತಾ ಇದ್ದೀನಿ ಅಂತಾಳೆ."

ಹಾಲಿಸ್‌ಗೆ ಅಷ್ಟೇ ಸಾಕಾಯಿತು.

"ಅದು ನಿಮ್ಮಪ್ಪನ ಕೈ ಅಲ್ಲ."

ಅವಳು ಕಣ್ಣು ಮಿಟುಕಿಸಿದಳು. "ಏನು?"

"ಫೋಟೋದಲ್ಲಿದ್ದದ್ದು ಅವರದೇ. ನೀನು ಫೋನ್ ಮಾಡೋ ಹೊತ್ತಿಗೆ ನಾನು ಉಜ್ಜಿ ತೆಗೆದುಬಿಟ್ಟಿದ್ದೆ, ಕೊಳೆ ಅಂದ್ಕೊಂಡು. ಇದನ್ನ ನಾನು ಬರೆದಿದ್ದು."

"ಆವತ್ತು ಫೋನಲ್ಲಿ ಭದ್ರವಾಗಿದೆ ಅಂದೆಯಲ್ಲ."

"ನೀನು ಅಳ್ತಾ ಇದ್ದೆ. ಬಾಯಿ ಬರ್ಲಿಲ್ಲ."

"ಅವತ್ತು ಬರ್ಲಿಲ್ಲ, ಸರಿ. ಮುಂದಿನ ಭಾನುವಾರ? ಅದರ ಮುಂದಿನದು? ಹದಿನಾರು ಭಾನುವಾರ ನಾನು ಅಪ್ಪನ ವಿಷಯ ಮಾತಾಡಿದೀನಿ, ನೀನು ಹೂಂ ಅಂದಿದ್ದೀಯ."



ವೆಂಡೆಲ್ ಕೆಮ್ಮಿದ. "ನಾನು ಇದನ್ನ ಕೇಳಿಸ್ಕೋಬೇಕೋ, ಬೇಡ್ವೋ?"

"ಬರ್ಕೊಳ್ಳಿ," ಅಂದಳು ಮರಿಸೆಲಾ. ದನಿ ತಗಡಿನಂತಿತ್ತು. "ಫ್ಯಾಕ್ಟರಿಯದಲ್ಲದ ಗುರುತು, ಇತ್ತೀಚೆಗೆ ಬರೆದದ್ದು. ಒಂದು ಅಂಕ ಕಡಿಮೆ." ಆಮೇಲೆ ಹಾಲಿಸ್‌ಗೆ: "ಅಮ್ಮನಿಗೆ ನಾನು ಹೇಳಲ್ಲ. ನೀವೇ ಹೇಳಿ."

ಮತ್ತೆ 'ನೀವು' ಬಂದಿತ್ತು. ಈ ಸಲ ಅದರಲ್ಲಿ ನಗು ಇರಲಿಲ್ಲ. ಅವಳು ತಿರುಗಿಯೂ ನೋಡದೆ ಪಕ್ಕದ ಗಾಡಿಗೆ ಹೋದಳು.

*

ಹನ್ನೆರಡಕ್ಕೆ ಇನ್ನೂ ಒಂದೂವರೆ ಗಂಟೆ. ಬೀಗದ ಕೈ ಜೇಬಿನಲ್ಲೇ ಇತ್ತು. ಬಾನೆಟ್ ಇಳಿಸಿ ಹೊರಟರೆ ಝೀಲ್ಯಾಂಡಿಗೆ ಊಟದ ಹೊತ್ತಿಗೆ ಸೇರಬಹುದು. ಎರಡು ಸಲ ಕೈ ಜೇಬಿಗೆ ಹೋಯಿತು. ಎರಡು ಸಲವೂ ಮುಷ್ಟಿ ಕಟ್ಟಿ ವಾಪಸು ತೆಗೆದ.

ಎಲ್ವೀರಾ ಮಗಳ ತೋಳು ಹಿಡಿದು ಬಂದಳು. ಎಂಬತ್ತರ ಮುದುಕಿ, ಕೆಂಪು ತುಟಿ, ಕೈಯಲ್ಲಿ ಮೆಕ್ಕೆಜೋಳದ ಕಡುಬಿನಂಥ ಬಿಸಿ ಟಮಾಲೆಯ ಗಂಟು. ಮರಿಸೆಲಾ ಒಂದು ಹೆಜ್ಜೆ ಹಿಂದೆ ಕೈಕಟ್ಟಿ ನಿಂತಳು.

"ಅಮ್ಮಾ," ಅಂದ ಹಾಲಿಸ್. ಟೋಪಿ ತೆಗೆದು ಹಿಂಡುತ್ತಾ ಇಡೀ ಕಥೆ ಹೇಳಿದ. ಉಜ್ಜಿದ್ದು, ಸುಳ್ಳು ಹೇಳಿದ್ದು, ನಕಲು ಮಾಡಿದ್ದು, ಒಂದನ್ನೂ ಬಿಡಲಿಲ್ಲ.

ಮುದುಕಿ ಗುರುತನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗೇ ಬರೆದಿದ್ದೀಯಪ್ಪ. ನಾನಾಗಿದ್ರೆ ನಂಬಿಬಿಡ್ತಿದ್ದೆ." ಆಮೇಲೆ ಮಗಳ ಕಡೆ ತಿರುಗಿದಳು. "ಇವನು ಉಜ್ಜಿದ್ದಕ್ಕೆ ಸಿಟ್ಟು ಮಾಡ್ಕೋಬೇಡ. ನಾನೂ ಉಜ್ಜಿದೀನಿ."

"ನೀನಾ? ಎಲ್ಲಿ?"

"ನಿನ್ನ ಮೇಲೆ. ನೀನು ಹುಟ್ಟಿದ ದಿನ ಕೆಲಸದಿಂದ ಓಡಿ ಬಂದ, ಆಸ್ಪತ್ರೇಲಿ ನಿನ್ನ ಅಂಗಾಲಿಗೆ ಕ್ರೇಯಾನಲ್ಲಿ ಬರೆದುಬಿಟ್ಟ. ಬರೀ ಎರಡು ಗೆರೆ. 'ಸುತ್ತು ಎಲ್ಲಿ?' ಅಂದೆ. 'ತಿರುಗಿಸಿ ಮುರುಗಿಸಿ ನೋಡಿದೆ ಕಣೇ, ತಪ್ಪೇ ಸಿಗ್ಲಿಲ್ಲ' ಅಂದ." ಮುದುಕಿ ನಕ್ಕಳು, ಕಣ್ಣೊರೆಸಿಕೊಂಡಳು. "ಮಾರನೇ ದಿನ ಸೋಪು ಹಚ್ಚಿ ತೊಳೆದೆ. ಅವನು ಇನ್ನೂ ನೂರು ವರ್ಷ ಇರ್ತಾನೆ ಅಂದ್ಕೊಂಡಿದ್ದೆ."

ಮರಿಸೆಲಾ ತನ್ನ ಬೂಟಿನ ಕಡೆ ನೋಡಿಕೊಂಡಳು.

"ಉಜ್ಜಿದ್ದು ಬೇರೆ ಅಮ್ಮ," ಅಂದಳು ಕೊನೆಗೆ. "ಇವನು ಸುಳ್ಳು ಹೇಳ್ದ."

"ಅದು ನಿಮ್ಮಿಬ್ಬರ ವಿಷಯ. ನಾನು ಟಮಾಲೆ ತಣ್ಣಗಾಗೋ ಮುಂಚೆ ವೆಂಡೆಲ್‌ಗೆ ಕೊಟ್ಟು ಬರ್ತೀನಿ."

ಇಬ್ಬರೇ ಉಳಿದರು. ಅವಳು ಸೊಂಟದಲ್ಲಿದ್ದ ಬಟ್ಟೆಯ ಚೂರು ತೆಗೆದು ಚಾಚಿದಳು.

"ಅಳಿಸು."

'ನೀನು' ಆಗಿತ್ತು. ಹಾಲಿಸ್ ಅದನ್ನು ಗಮನಿಸಿದ, ಗಮನಿಸಿದ್ದನ್ನು ತೋರಿಸಿಕೊಳ್ಳಲಿಲ್ಲ. ಬಗ್ಗಿ ಉಜ್ಜಿದ. ಸುತ್ತು ಹೋಯಿತು, ಗೆರೆ ಹೋಯಿತು, ಬಾಲ ಹೋಯಿತು. ತಗಡು ಮತ್ತೆ ಬರಿದಾಯಿತು.

"ಹೀಗೇ ಇರ್ಲಿ," ಅಂದಳು. "ಇಲ್ಲದ್ದು ಇಲ್ಲ ಅಂತ ಕಾಣ್ಲಿ. ಆ ಕ್ರೇಯಾನ್ ಎಲ್ಲಿ?"

ಅವನು ಅಂಗಿಯ ಜೇಬಿನಿಂದ ತೆಗೆದುಕೊಟ್ಟ. ಅವಳು ಅದರ ತುದಿ ನೋಡಿದಳು, ಸವೆದು ಮೊಂಡಾಗಿತ್ತು.

"ಎಷ್ಟು ಸಲ ಅಭ್ಯಾಸ ಮಾಡ್ದೆ?"

"ಲೆಕ್ಕ ಇಟ್ಟಿಲ್ಲ. ಮರಿಸೆಲಾ, ನೀನು ಅಂದ್ರೆ ನಂಗೆ ಪ್ರಾಣ. ಅದಕ್ಕೇ ಹೆದರಿದೆ. ಇನ್ನೇನೂ ಹೇಳೋಕೆ ಗೊತ್ತಿಲ್ಲ."

"ಕೈ ಕೊಡು."

ಕೊಟ್ಟ. ಅವಳು ಅವನ ಬಲ ಅಂಗೈಯನ್ನು ತನ್ನ ಕೈಯಲ್ಲಿ ಬಿಚ್ಚಿ ಹಿಡಿದಳು. ತಪಾಸಣೆಯವಳ ಹಾಗೆ ಅತ್ತ ಇತ್ತ ತಿರುಗಿಸಿ ನೋಡಿದಳು. ಅವಳ ಬಿಸಿಯುಸಿರು ಮಣಿಕಟ್ಟಿಗೆ ತಾಗುತ್ತಿತ್ತು. ನಿಧಾನವಾಗಿ, ಗಟ್ಟಿಯಾಗಿ ಒತ್ತಿ, ನಡುವೆ ಒಂದು ಹಳದಿ ಸುತ್ತು ಬರೆದಳು. ಅಷ್ಟಕ್ಕೇ ನಿಲ್ಲಿಸಿದಳು.

ಅವನು ಕಾದ. "ಗೆರೆ?"

"ತಪ್ಪು ತಿದ್ದಿದ ಮೇಲೆ."

"ಎಷ್ಟು ದಿನ ಆಗುತ್ತೆ?"

"ನಂಗೇನು ಗೊತ್ತು. ತಪಾಸಣೆ ಮಾಡೋರು ದಿನಾ ನೋಡ್ಬೇಕಾಗುತ್ತೆ." ಅವಳು ಕ್ರೇಯಾನನ್ನು ಅವನಿಗೆ ವಾಪಸು ಕೊಡದೆ ತನ್ನ ಕಿವಿಯ ಹಿಂದೆ, ಪೆನ್ಸಿಲಿನ ಪಕ್ಕ ಸಿಕ್ಕಿಸಿಕೊಂಡಳು. "ಬಾ, ಅಮ್ಮ ಕಾಯ್ತಾ ಇದ್ದಾಳೆ. ಎಡಗೈಯಲ್ಲಿ ತಿನ್ನು, ಅದನ್ನ ಅಳಿಸ್ಕೋಬೇಡ."