ಅರ್ಧ ಕುಯ್ದ ತೊಲೆ

"ಮಾರ್ಗ್ರೆಟ್, ನಿನ್ನ ಮನೆತನದ ಹೆಸರನ್ನ ಒಂದಿನ ಕ್ವಾಂಟೆಯವರ ಬಾಯಲ್ಲೇ, ಊರ ಮುಂದೆ ಓದಿಸ್ತೀನಿ."

ವಕೀಲ ಎಗ್‌ಬರ್ಟ್ ಹೋಲ್ಟ್‌ಮನ್ ಈ ಮಾತು ಕೊಟ್ಟು ಮೂವತ್ತು ವರ್ಷವಾಗಿತ್ತು. ಕ್ವಾಂಟೆ ಹೊಲಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಮಾರ್ಗ್ರೆಟ್ ಟೆಪ್ಪೆಯನ್ನು ಅಲ್ಲಿನವರು 'ಬುಡವಿಲ್ಲದವಳು' ಎಂದು ಹಂಗಿಸಿದ ದಿನವದು. ಈಗ ಮಾರ್ಗ್ರೆಟ್ ಇರಲಿಲ್ಲ. ವಕೀಲರೂ ಹೋಗಿದ್ದರು.

ಅವರ ನೆನಪಿನ ಸಭೆಯ ಬೆಳಿಗ್ಗೆ ಮಾರ್ಗ್ರೆಟ್‌ಳ ಮಗಳು ಆಲ್ಮುಟ್ ಏದುಸಿರು ಬಿಡುತ್ತ ಬಂದಾಗ ಡೋರ್ಟೆ ಕಾಫಿ ಸೋಸುತ್ತಿದ್ದಳು.

"ಜಡ್ಜಮ್ಮ ಎಲ್ಲಿ? ತೊಲೆ ಕುಯ್ದುಬಿಟ್ಟಿದಾರೆ! ಸಭಾಭವನ ಗುಡಿಸೋಳು ನಾನು, ಬೀಗದಕೈ ನನ್ನ ಹತ್ರ. ನಾನೇ ಕದ್ದೆ ಅಂತಿದಾರೆ!"

ಡೋರ್ಟೆಯ ಅತ್ತಿಗೆ ಮೆಖ್ಟಿಲ್ಡ್ ನಿವೃತ್ತ ನ್ಯಾಯಾಧೀಶೆ. ಊರಲ್ಲಿ ಕೋಳಿ ಕಳೆದರೂ ಜನ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳು ಕೋಲು ಹಿಡಿದು ಎದ್ದಳು; ಮೂವರೂ ಸಭಾಭವನಕ್ಕೆ ಹೋದರು.

ಕ್ವಾಂಟೆ ಮನೆಯ ಹಳೇ ಕೊಟ್ಟಿಗೆ ಕೆಡವಿದಾಗ ಅದರ ಬಾಗಿಲ ಮೇಲಿನ ಓಕ್ ತೊಲೆಯನ್ನು ವಕೀಲರು ಕೊಂಡು ಉಳಿಸಿದ್ದರು. ಕೊಟ್ಟಿಗೆ ಕಟ್ಟಿಸಿದ ಗಂಡ-ಹೆಂಡಿರ ಹೆಸರು ಕೆತ್ತಿದ ಅದನ್ನು ಬಟ್ಟೆ ಸುತ್ತಿ ಸಭಾಭವನದ ಹಿಂಕೋಣೆಯಲ್ಲಿ ಇಟ್ಟಿದ್ದರು. ಸಭೆಯಲ್ಲೇ ಬಿಚ್ಚಬೇಕೆಂಬುದು ಅವರ ಕೊನೆಯಾಸೆ. ಈಗ ಉಳಿದಿದ್ದದ್ದು ಬಲತುಂಡು ಮಾತ್ರ. ಗಂಡನ ಹೆಸರಿದ್ದ ಎಡತುಂಡು ಮಾಯ. ನೆಲದ ಮೇಲೆ ಗರಗಸದ ಹುಡಿ.

"ಇನ್ನೊಂದು ಬೀಗದಕೈ?" ಮೆಖ್ಟಿಲ್ಡ್ ಕೇಳಿದಳು.

"ನನ್ನ ಹತ್ರ," ಎಂದರು ವಂಶಾವಳಿ ಸಂಘದ ಅಧ್ಯಕ್ಷ ರೈನ್‌ಹೋಲ್ಡ್ ಕ್ವಾಂಟೆ. "ನಿನ್ನೆ ಸಂಜೆ ಹಳೇ ಸಾಮಾನು ವ್ಯಾಪಾರಿ ಯೋಬ್ಸ್ಟ್‌ಗೆ ಕೋಣೆ ತೋರಿಸಿದ್ದೆ. ಬೀಗ ಹಾಕಿದ್ದು ಆಲ್ಮುಟ್."

"ಒಳ್ಳೆ ಬೆಲೆ ಕೊಡ್ತೀನಿ ಅಂದಿದ್ದೆ, ನಿಜ," ಬಾಗಿಲಲ್ಲಿ ನಿಂತಿದ್ದ ಯೋಬ್ಸ್ಟ್ ಗೊಣಗಿದ. "ಕದಿಯೋ ಬುದ್ಧಿ ನಂದಲ್ಲ ಸ್ವಾಮಿ."

ಮೆಖ್ಟಿಲ್ಡ್ ಉಳಿದ ತುಂಡಿನ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಅದರಲ್ಲೇನಿದೆ ಜಡ್ಜಮ್ಮ? ಬರೀ ಹೆಂಡತಿ ಹೆಸರು," ಎಂದರು ಕ್ವಾಂಟೆ. "ವಂಶ ಹೆಂಗಸಿಂದ ನಡೆಯಲ್ಲ. ಪೊಲೀಸರಿಗೆ ಹೇಳಿಬಿಡೋಣ."

ಡೋರ್ಟೆ ಆಲ್ಮುಟ್‌ಳ ಕೈ ಹಿಡಿದುಕೊಂಡಳು.

"ಸಭೆ ಆಗಲಿ," ಎಂದಳು ಮೆಖ್ಟಿಲ್ಡ್.

ಮಧ್ಯಾಹ್ನ ಭವನ ತುಂಬಿತು. ಬೆಣ್ಣೆ ಕೇಕು ಬಂತು, ಯಾರೂ ಮುಟ್ಟಲಿಲ್ಲ. ಮೆಖ್ಟಿಲ್ಡ್ ಎದ್ದು ನಿಂತಳು.

"ಹೋಲ್ಟ್‌ಮನ್ ನನ್ನ ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿಯನ್ನೂ 'ನಿಮ್ಮಜ್ಜಿ ತವರು ಯಾವುದಪ್ಪಾ?' ಅಂತ ಕೇಳೋರು. ನಾನು ಗದರಿದ್ರೆ, 'ಅಮ್ಮಾ, ತಂದೇರ ಹೆಸರಷ್ಟೇ ಬರ್ಕೊಂಡ್ರೆ ಅರ್ಧ ಊರು ಬಿಟ್ಟುಹೋಗುತ್ತೆ' ಅನ್ನೋರು."

ಸಭೆ ಸಣ್ಣಗೆ ನಕ್ಕಿತು.

"ಈಗ ಕಳ್ಳತನ. ಯೋಬ್ಸ್ಟ್ ಕದ್ದಿದ್ರೆ ಇಡೀ ತೊಲೆ ಹೊತ್ಕೊಂಡು ಹೋಗ್ತಿದ್ದ."

"ಅರ್ಧ ತೊಲೆನ ಸೌದೆ ಬೆಲೆಗೂ ಕೇಳೋರಿಲ್ಲ," ಯೋಬ್ಸ್ಟ್ ಕೂಗಿದ.

"ಆಲ್ಮುಟ್ ಅಂದ್ರೆ, ವಕೀಲರು ಅವಳಮ್ಮನಿಗೆ ಕೊಟ್ಟ ಮಾತು ನಡೀಲಿ, ಅದರಲ್ಲಿರೋದನ್ನ ಊರು ಕೇಳಲಿ ಅಂತ ಕಾದೋಳು. ಅವಳ್ಯಾಕೆ ಬಚ್ಚಿಡ್ತಾಳೆ? ಕುಯ್ದವನಿಗೆ ಗಂಡನ ಹೆಸರಿನ ಭಯ ಇತ್ತು. ಹೆಂಡತಿ ಹೆಸರನ್ನ ಓದೋಕ್ಕೂ ಹೋಗ್ಲಿಲ್ಲ. ಓದಿದ್ರೆ ಇದನ್ನೂ ಬಿಡ್ತಿರ್ಲಿಲ್ಲ. ಡೋರ್ಟೆ, ಓದು."

ಡೋರ್ಟೆ ಬಗ್ಗಿ ಓದಿದಳು: "ಇಲ್ಸಾಬೈನ್, ಹುಟ್ಟಿದ ಮನೆ ಕ್ವಾಂಟೆ. ಸಾವಿರದ ಏಳುನೂರ ನಲವತ್ತೊಂದು."

ಭವನದಲ್ಲಿ ಗುಸುಗುಸು ಎದ್ದಿತು. ಮನೆಯಳಿಯನಾಗಿ ಬಂದವನು ಹೊಲಮನೆಯ ಹೆಸರನ್ನೇ ಹೊರುವುದು ಆ ಸೀಮೆಯ ರೂಢಿ. ಹೆಂಡತಿ ಕ್ವಾಂಟೆ ಮಗಳಾದರೆ ಗಂಡ ಹೊರಗಿನವನು.

"ರೈನ್‌ಹೋಲ್ಡ್, 'ತಂದೆಯಿಂದ ಮಗನಿಗೆ ಮುರಿಯದ ವಂಶ' ಅಂತ ಪುಸ್ತಕ ಅಚ್ಚಿಗೆ ಕೊಟ್ಟಿದ್ದೀರಿ. ನಿನ್ನೆ ಬಟ್ಟೆ ಸರಿಸಿ ಎಡಗಡೆ ನೋಡಿದ್ರಿ. ಬಲಗಡೆ ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ. ಹೆಂಗಸನ್ನ ಹೀಗೆ ಬಿಟ್ಟುಹೋಗೋ ಅಭ್ಯಾಸ ಇಲ್ಲಿ ಇನ್ಯಾರಿಗಿದೆ?"

"ಸುಳ್ಳು! ಇನ್ನರ್ಧ ಸುಟ್ಟುಹೋಗಿದ್ರೆ ಏನು ಮಾಡ್ತೀರಿ?"

"ಪೂರ್ವಿಕರ ಹೆಸರನ್ನ ಒಲೆಗೆ ಹಾಕೋಷ್ಟು ಕೆಟ್ಟೋರಲ್ಲ ನೀವು. ಊರ ಕಣ್ಣು ತಪ್ಪಿಸಿ ಅದನ್ನ ಸಾಗಿಸೋಕೆ ಕಾರೇ ಬೇಕು. ಡಿಕ್ಕಿ ತೆಗೀತೀರಾ, ಪೊಲೀಸರು ತೆಗೀಲಾ?"

ಕ್ವಾಂಟೆ ಕಾರಿನ ಕೀಲಿ ಮುಂದಿಟ್ಟರು. ಯೋಬ್ಸ್ಟ್ ಹೋಗಿ ಹಳೇ ಕಂಬಳಿ ಸುತ್ತಿದ್ದ ತುಂಡನ್ನು ಹೆಗಲ ಮೇಲೆ ಹೊತ್ತು ತಂದ.

"ಪೊಲೀಸರನ್ನ ಕರೆಯೋದು ಬಿಡೋದು ಆಲ್ಮುಟ್‌ಗೆ ಬಿಟ್ಟಿದ್ದು," ಎಂದಳು ಮೆಖ್ಟಿಲ್ಡ್. "ಕಳ್ಳಿ ಅನ್ನಿಸಿಕೊಂಡೋಳು ಅವಳು."

ಆಲ್ಮುಟ್ ಮುಸುರೆ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಮುಂದೆ ಬಂದಳು.

"ಪೊಲೀಸು ಗಿಲೀಸು ಬೇಡ. ಓದಿ ಸ್ವಾಮಿ. ಗಟ್ಟಿಯಾಗಿ."

ಕ್ವಾಂಟೆ ಕನ್ನಡಕ ಹಾಕಿಕೊಂಡರು. ಗಟ್ಟಿಯಾಗಿ ಓದಿದರು: "ಹರ್ಮನ್ ಕ್ವಾಂಟೆ. ಹುಟ್ಟಿದ ಮನೆ, ಟೆಪ್ಪೆ."

ಮಾರ್ಗ್ರೆಟ್ ಟೆಪ್ಪೆಗೆ ವಕೀಲರು ಕೊಟ್ಟ ಮಾತು ನಡೆಯಿತು.