ಟರ್ಬೊ ಪೈಪಿನ ಕೆಂಪು ಗೀಟು

ಮಗಳ ಒಂದು ಜಡೆ ಹೆಣೆದು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮೈದುನ ಓಡಿ ಬಂದ.

"ಅತ್ತಿಗೆ, ಅಮ್ಮ ಎಲ್ಲಿ? ಅಣ್ಣ ನನ್ನನ್ನ ಗ್ಯಾರೇಜಿನಿಂದ ಆಚೆ ಹಾಕ್ತಾನಂತೆ!"

ನಮ್ಮ ಮನೆಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಪತ್ತೆ ಹಚ್ಚುತ್ತಿದ್ದವರು ಅತ್ತೆ. ಮಾವ ಬದುಕಿದ್ದಾಗ ಅವರ ಜೊತೆ ಎಂಜಿನ್ ಬಿಚ್ಚಿ ಕೂಡಿಸಿದ ಕೈ ಅವರದು. ಕನ್ನಡಕ ಏರಿಸಿಕೊಂಡು ಮನೆಗೆ ಅಂಟಿದ ಗ್ಯಾರೇಜಿಗೆ ನಡೆದರು. ಹಿಂದೆ ನಾನು, ಒಂಟಿ ಜಡೆಯ ಮಗಳು.

ಮೈದುನ ಟರ್ಬೊ ಕೂರಿಸಿದ್ದ ಕಾರು ದಿಬ್ಬ ಹತ್ತಲಾರದೆ, ಸೀಟಿ ಹೊಡೆಯುತ್ತಾ ಕಪ್ಪು ಹೊಗೆ ಕಾರಿತ್ತು. ಬಾನೆಟ್ ತೆಗೆದರೆ ಟರ್ಬೊದಿಂದ ಎಂಜಿನ್‌ಗೆ ಹೋಗುವ ಪೈಪು ಕಳಚಿಕೊಂಡಿತ್ತು.

"ಟರ್ಬೊ ಅಂದ್ರೇನಜ್ಜಿ?"

"ಹೊರಗೆ ಹೋಗೋ ಹೊಗೆ ಒಂದು ಚಕ್ರ ತಿರುಗಿಸುತ್ತೆ, ಪುಟ್ಟಿ. ಅದರ ಜೊತೆಗೇ ಇನ್ನೊಂದು ಚಕ್ರ ತಿರುಗಿ ಎಂಜಿನ್ ಒಳಕ್ಕೆ ಗಾಳಿ ಒತ್ತಿ ತುಂಬುತ್ತೆ. ಗಾಳಿ ಜಾಸ್ತಿ ಆದ್ರೆ ಡೀಸೆಲ್ಲೂ ಜಾಸ್ತಿ ಉರಿದು ಬಲ ಬರುತ್ತೆ. ಪೈಪ್ ಕಳಚಿದ್ರೆ ಗಾಳಿ ಸೋರಿ, ಬರೀ ಹೊಗೆ."

ಲೋಟದ ತಳವನ್ನೂ ಒರೆಸಿಯೇ ಮೇಜಿನ ಮೇಲಿಡುವ ನನ್ನ ಗಂಡ ಕೈ ಕಟ್ಟಿ ನಿಂತಿದ್ದರು. "ನೋಡಮ್ಮ, ಪೈಪ್ ಹಿಡಿಯೋ ಕ್ಲಿಪ್ಪಿನ ಸ್ಕ್ರೂ ಬಿಗೀನೇ ಮಾಡಿಲ್ಲ. ಮೇಲೆ ಕೆಂಪು ಗೀಟು ಬೇರೆ! ಊರೆಲ್ಲ ಹೊಗಳೋ ಮಹಾ ಮೆಕ್ಯಾನಿಕ್ಕು!"

ಬಿಗಿ ಮಾಡಿದ ಸ್ಕ್ರೂ ಮೇಲಿಂದ ಕ್ಲಿಪ್ಪಿನವರೆಗೆ ಗೀಟು ಎಳೆಯುವುದು ಮಾವ ಹಾಕಿಕೊಟ್ಟ ರೂಢಿ. ಆಮೇಲೆ ಸ್ಕ್ರೂ ತಿರುಗಿದರೆ ಗೀಟು ಮುರಿಯುತ್ತದೆ. ಇದು ಮುರಿದಿರಲಿಲ್ಲ; ಅಂದರೆ ಬಿಗಿ ಮಾಡದೆಯೇ ಎಳೆದ ಹಾಗೆ.

"ಆಣೆಗೂ ಬಿಗಿ ಮಾಡಿದ್ದೆ," ಎಂದ ಮೈದುನ.

ಅತ್ತೆ ಟಾರ್ಚು ಹಿಡಿದು ಒಂದೊಂದೇ ಕ್ಲಿಪ್ಪನ್ನು ಮುಂದೆ ಹಿಂದೆ ನೋಡಿದರು. ಎಲ್ಲರನ್ನೂ ಹತ್ತಿರ ಕರೆದರು.

"ಚಿಕ್ಕವನು ಗ್ರೀಸಿನ ಮೇಲೇ ಗೀಟು ಎಳೀತಾನೆ. ಅಪ್ಪ ಎಷ್ಟು ಬೈದ್ರೂ ಒರೆಸೋದು ಕಲೀಲಿಲ್ಲ ಸೋಮಾರಿ. ಬೇರೆ ಗೀಟೆಲ್ಲ ಜಾರಿವೆ, ನೋಡಿ. ಈ ಸಡಿಲ ಸ್ಕ್ರೂ ಮಾತ್ರ ಫಳಫಳ. ಯಾರೋ ಅದನ್ನ ಸಡಿಲಿಸಿ, ಮುರಿದ ಗೀಟು ಒರೆಸಿ, ಹೊಸದು ಎಳೆದಿದ್ದಾರೆ. ಅಷ್ಟಕ್ಕೇ ನಿಲ್ಲಿಸೋಕೆ ಅವರ ಕೈಲಿ ಆಗಿಲ್ಲ. ಯಾರ ಕಣ್ಣಿಗೂ ಬೀಳದ ಕ್ಲಿಪ್ಪಿನ ಹಿಂಭಾಗಾನೂ ಒರೆಸಿದ್ದಾರೆ. ಹಂಗೆ ಒರೆಸೋ ಕೈ ಈ ಮನೇಲಿ ಒಂದೇ. ಹಾಳು ಮಾಡೋವಾಗ್ಲೂ ಚೊಕ್ಕಟವಾಗೇ ಮಾಡಿದ್ದೀಯಲ್ಲೋ, ದೊಡ್ಡೋನೇ!"

ಗಂಡ ಕಟ್ಟಿದ್ದ ಕೈ ಬಿಚ್ಚಿ ತಮ್ಮನತ್ತ ಬೆರಳು ತೋರಿಸಿದರು.

"ಸ್ಪ್ಯಾನರ್ ಹಿಡಿಯೋದು ಇವನಿಗೆ ಕಲಿಸಿದ್ದು ನಾನು. ಈಗ ಬಂದೋರೆಲ್ಲ ನನ್ನ ಮುಖ ನೋಡಿ, 'ತಮ್ಮ ಇಲ್ವಾ?' ಅಂತಾರೆ."

ಎಷ್ಟೋ ಕಾಲದಿಂದ ನಾನು ನುಂಗಿಕೊಂಡು ಬಂದಿದ್ದ ಮಾತನ್ನು, ನನ್ನ ಕೈ ಬಿಡಿಸಿಕೊಂಡು ಹೋಗಿ ಮಗಳು ಕೇಳಿಯೇಬಿಟ್ಟಳು:

"ಅಪ್ಪಾ, ಚಿಕ್ಕಪ್ಪನ್ನ ಕಂಡ್ರೆ ನಿಂಗೆ ಹೊಟ್ಟೆಕಿಚ್ಚಾ?"